‘ಯೂಸ್ಡ್ ಟು’: ಹಿಂದೆ ಏನಿದೆ, ಮುಂದೆ ಏನಿದೆ ನೋಡಿ

ಇಂಗ್ಲಿಷ್ ಬರವಣಿಗೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಈ ಸಲ ಹೆಚ್ಚಿನವು ‘ಯೂಸ್ಡ್ ಟು’ ಎಂಬ ಎರಡೇ ಪದಗಳ ಸುತ್ತ ಸುತ್ತಿವೆ. ಕೇಳಿದವರು ಬೇರೆ ಬೇರೆ, ತೊಡಕಿನ ಬೇರು ಮಾತ್ರ ಒಂದೇ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಮೊದಲ ಉತ್ತರ ಓದಿಕೊಂಡರೆ ಮಿಕ್ಕವು ಸಲೀಸಾಗುತ್ತವೆ.

‘ನಾನು ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದೆ’ ಎಂಬುದಕ್ಕೆ ‘ಐ ವಾಸ್ ಯೂಸ್ಡ್ ಟು ಗೋ ಫಾರ್ ಎ ವಾಕ್ ಎವ್ರಿ ಮಾರ್ನಿಂಗ್’ ಎಂದು ಬರೆದಿದ್ದೆ. ಉಪನ್ಯಾಸಕರು ‘ವಾಸ್’ ಹೊಡೆದು ಹಾಕಿದರು. ಅದೇ ಪುಟದಲ್ಲಿ ‘ಐ ಯೂಸ್ಡ್ ಟು ದ ಹಾಸ್ಟೆಲ್ ಫುಡ್’ ಎಂದು ಬರೆದಲ್ಲಿ ‘ಆ್ಯಮ್’ ಸೇರಿಸಿದರು. ಒಂದು ಕಡೆ ಬೇಡ, ಇನ್ನೊಂದು ಕಡೆ ಬೇಕು ಅಂದರೆ ಹೇಗೆ ತಿಳಿಯೋದು?
— ಬಿ.ಕಾಂ. ವಿದ್ಯಾರ್ಥಿನಿ, ಹಾಸನ

ನಿಮ್ಮ ಉಪನ್ಯಾಸಕರು ಎರಡು ಕಡೆಯೂ ಸರಿಯಾಗಿಯೇ ತಿದ್ದಿದ್ದಾರೆ. ಗೊಂದಲ ಹುಟ್ಟುವುದು ನಮ್ಮ ‘ಅಭ್ಯಾಸ’ ಎಂಬ ಮಾತಿನಿಂದ. ‘ನನಗೆ ಬೆಳಿಗ್ಗೆ ವಾಕಿಂಗ್ ಹೋಗುವ ಅಭ್ಯಾಸ ಇತ್ತು’ ಅನ್ನುತ್ತೇವೆ. ‘ನನಗೆ ಹಾಸ್ಟೆಲ್ ಊಟ ಅಭ್ಯಾಸ ಆಗಿದೆ’ ಅಂತಲೂ ಅನ್ನುತ್ತೇವೆ. ಮೊದಲನೆಯದರಲ್ಲಿ ಅಭ್ಯಾಸ ಅಂದರೆ ಮತ್ತೆ ಮತ್ತೆ ಮಾಡುತ್ತಿದ್ದ ಕೆಲಸ. ಎರಡನೆಯದರಲ್ಲಿ ಅಭ್ಯಾಸ ಅಂದರೆ ಒಗ್ಗಿ ಹೋಗಿದೆ, ಈಗ ಹೊಸದು ಅನ್ನಿಸುವುದಿಲ್ಲ ಎಂದು. ಇಂಗ್ಲಿಷಿನಲ್ಲೂ ಎರಡಕ್ಕೂ ‘ಯೂಸ್ಡ್ ಟು’ ಬರುತ್ತದೆ, ಆದರೆ ಅಕ್ಕಪಕ್ಕದ ಪದಗಳು ಬದಲಾಗುತ್ತವೆ. ಅರ್ಥ ಇರುವುದೇ ಆ ಅಕ್ಕಪಕ್ಕದಲ್ಲಿ.

ಬರೆದಾದ ಮೇಲೆ ವಾಕ್ಯದಲ್ಲಿ ಎರಡು ಜಾಗ ನೋಡಿ: ‘ಯೂಸ್ಡ್’ಗೆ ಹಿಂದೆ ಏನಿದೆ, ‘ಟು’ಗೆ ಮುಂದೆ ಏನಿದೆ. ಇದರಿಂದ ಮೂರು ಅಚ್ಚುಗಳಾಗುತ್ತವೆ.

ಹಿಂದೆ ಕರ್ತೃ ಬಿಟ್ಟು ಏನೂ ಇಲ್ಲ, ಮುಂದೆ ಬರಿಯ ಕ್ರಿಯಾಪದ ಇದೆ ಎಂದರೆ, ಮೊದಲು ಹಾಗೆ ಇತ್ತು, ಈಗ ಇಲ್ಲ ಎಂದರ್ಥ. ‘ಐ ಯೂಸ್ಡ್ ಟು ಗೋ ಫಾರ್ ಎ ವಾಕ್.’ ಹೋಗುತ್ತಿದ್ದೆ, ಈಗ ಬಿಟ್ಟಿದ್ದೇನೆ.

ಹಿಂದೆ ‘ಆ್ಯಮ್, ಈಸ್, ಆರ್, ವಾಸ್, ವರ್’ ಅಥವಾ ‘ಗೆಟ್, ಗಾಟ್, ಬಿಕಮ್’ ಇದೆ, ಮುಂದೆ ನಾಮಪದವೋ ‘ಇಂಗ್’ ಹತ್ತಿದ ಪದವೋ ಇದೆ ಎಂದರೆ ಒಗ್ಗಿದೆ ಎಂದರ್ಥ. ‘ಐ ಆ್ಯಮ್ ಯೂಸ್ಡ್ ಟು ದ ಹಾಸ್ಟೆಲ್ ಫುಡ್.’ ‘ಐ ಆ್ಯಮ್ ಯೂಸ್ಡ್ ಟು ಈಟಿಂಗ್ ಲೇಟ್.’

ಹಿಂದೆ ‘ಈಸ್, ಆರ್, ವಾಸ್, ವರ್’ ಇದೆ, ಮುಂದೆ ಬರಿಯ ಕ್ರಿಯಾಪದ ಇದೆ ಎಂದರೆ ಅದು ಬಳಕೆಯ ಮಾತು. ‘ಎ ಸಿಕಲ್ ಈಸ್ ಯೂಸ್ಡ್ ಟು ಕಟ್ ಗ್ರಾಸ್.’ ಹುಲ್ಲು ಕೊಯ್ಯಲು ಕುಡುಗೋಲು ಬಳಸುತ್ತಾರೆ. ಇಲ್ಲಿ ಕರ್ತೃವಿನ ಜಾಗದಲ್ಲಿ ಸಾಮಾನ್ಯವಾಗಿ ಒಂದು ವಸ್ತು ಇರುತ್ತದೆ.

ಈಗ ನಿಮ್ಮ ಮೊದಲ ವಾಕ್ಯ ನೋಡಿ. ಹಿಂದೆ ‘ವಾಸ್’, ಮುಂದೆ ಬರಿಯ ‘ಗೋ’. ಅದು ಮೂರನೆಯ ಅಚ್ಚಿಗೆ ಬಿದ್ದಿದೆ. ಅಕ್ಷರಶಃ ಓದಿದರೆ ‘ವಾಕಿಂಗ್ ಹೋಗಲು ನನ್ನನ್ನು ಬಳಸಲಾಗುತ್ತಿತ್ತು’ ಎಂದಾಗುತ್ತದೆ. ‘ವಾಸ್’ ತೆಗೆದರೆ ಮೊದಲ ಅಚ್ಚಿಗೆ ಬಂದು ನೀವು ಹೇಳಹೊರಟ ಅರ್ಥವೇ ಬರುತ್ತದೆ. ಎರಡನೆಯ ವಾಕ್ಯದಲ್ಲಿ ಮುಂದೆ ಇರುವುದು ‘ದ ಹಾಸ್ಟೆಲ್ ಫುಡ್’ ಎಂಬ ನಾಮಪದ, ಹಿಂದೆ ಏನೂ ಇಲ್ಲ. ಹಾಗೆ ಯಾವ ಅಚ್ಚೂ ಇಲ್ಲ, ಅದಕ್ಕೇ ‘ಆ್ಯಮ್’ ಬೇಕಾಯಿತು.

ನಮಗೆ ಸಾಮಾನು ಪೂರೈಸುವ ಸಂಸ್ಥೆಯವರು ಪ್ರತಿ ಸೋಮವಾರ ರಿಪೋರ್ಟ್ ಕಳಿಸುತ್ತಾರೆ. ಅದನ್ನು ಇಮೇಲ್‌ನಲ್ಲಿ ‘ದೇ ಯೂಸ್ಡ್ ಟು ಸೆಂಡ್ ದ ರಿಪೋರ್ಟ್ ಎವ್ರಿ ಮಂಡೇ’ ಎಂದು ಬರೆದೆ. ಲಂಡನ್ನಿನ ಕ್ಲೈಂಟ್ ‘ಕಳಿಸುವುದನ್ನು ಯಾವಾಗ ನಿಲ್ಲಿಸಿದರು?’ ಎಂದು ಕೇಳಿದರು. ನಾನು ನಿಲ್ಲಿಸಿದ್ದಾರೆ ಅಂತ ಬರೆದೇ ಇಲ್ಲವಲ್ಲ?
— ಕಂಪನಿ ಉದ್ಯೋಗಿ, ಬೆಂಗಳೂರು

ಬರೆದಿದ್ದೀರಿ. ನಿಮಗೆ ಗೊತ್ತಾಗದಂತೆ ಆ ಎರಡು ಪದಗಳೇ ಅದನ್ನು ಹೇಳಿಬಿಟ್ಟಿವೆ. ಇಡೀ ಕಂತಿನಲ್ಲಿ ನಾವು ಅತ್ಯಂತ ಮುಖ್ಯವೆಂದು ಎಣಿಸುವ ತಪ್ಪು ಇದು. ಬೇರೆ ತಪ್ಪುಗಳಲ್ಲಿ ವಾಕ್ಯ ಕುಂಟುತ್ತದೆ, ಓದುವವರು ಹೇಗೋ ಅರ್ಥ ಮಾಡಿಕೊಳ್ಳುತ್ತಾರೆ. ಇಲ್ಲಿ ವ್ಯಾಕರಣದ ಪ್ರಕಾರ ವಾಕ್ಯ ನೂರಕ್ಕೆ ನೂರು ಸರಿ, ಅರ್ಥ ಮಾತ್ರ ತಿರುಗಿ ಹೋಗಿದೆ. ಓದುವವರಿಗೆ ಅನುಮಾನವೇ ಬರುವುದಿಲ್ಲ. ನಿಮ್ಮ ಕ್ಲೈಂಟ್ ಮರಳಿ ಕೇಳಿದ್ದು ಒಳ್ಳೆಯದೇ ಆಯಿತು.

ಮೊದಲ ಅಚ್ಚಿನ ‘ಯೂಸ್ಡ್ ಟು’ಗೆ ಇಂದಿನ ಇಂಗ್ಲಿಷಿನಲ್ಲಿ ವರ್ತಮಾನಕಾಲ ಇಲ್ಲ. ಒಂದು ಕಾಲಕ್ಕೆ ಇತ್ತು: 1611ರ ಇಂಗ್ಲಿಷ್ ಬೈಬಲಿನಲ್ಲಿ ‘ಯೂಸೆಸ್ಟ್ ಟು ಡೂ’ ಎಂದು, ‘ನೀನು ಮಾಡುವ ರೂಢಿಯಂತೆ’ ಎಂಬ ಅರ್ಥದಲ್ಲಿ ಬಂದಿದೆ. ಆ ರೂಪ ಬಿದ್ದುಹೋಗಿ ಭೂತಕಾಲದ್ದು ಮಾತ್ರ ಉಳಿಯಿತು. ನಮ್ಮ ದೇಶದ ಮಾತಿನ ಇಂಗ್ಲಿಷಿನಲ್ಲಿ ಈಗಲೂ ನಡೆಯುತ್ತಿರುವ ರೂಢಿಗೆ ‘ಯೂಸ್ಡ್ ಟು’ ಹೇಳುವುದು ವ್ಯಾಪಕವಾಗಿದೆ. ನಮ್ಮ ನಮ್ಮಲ್ಲಿ ಅದು ನಡೆದೂ ಹೋಗುತ್ತದೆ. ಹೊರಗಿನವರು ಓದುವ ಬರಹದಲ್ಲಿ ನಡೆಯುವುದಿಲ್ಲ.

ಈಗಲೂ ನಡೆಯುವ ಕೆಲಸಕ್ಕೆ ಸರಳ ವರ್ತಮಾನವೇ ಸಾಕು: ‘ದೇ ಸೆಂಡ್ ದ ರಿಪೋರ್ಟ್ ಎವ್ರಿ ಮಂಡೇ.’ ಒಮ್ಮೊಮ್ಮೆ ತಪ್ಪುವುದೂ ಉಂಟು ಎನ್ನಬೇಕಾದರೆ ‘ದೇ ಯೂಶುವಲಿ ಸೆಂಡ್’. ‘ಎವ್ರಿ ಮಂಡೇ’ ಎಂಬಲ್ಲೇ ರೂಢಿಯ ಅರ್ಥ ಇದೆ, ಅದನ್ನು ಹೇಳಲು ಕ್ರಿಯಾಪದಕ್ಕೆ ಇನ್ನೇನೂ ಸೇರಿಸಬೇಕಿಲ್ಲ.

ಆಫೀಸಿನ ಇಮೇಲ್‌ಗಿಂತ ಇದು ಹೆಚ್ಚು ಅಪಾಯ ತರುವ ಒಂದು ಜಾಗ ಇದೆ. ವಿದೇಶದಲ್ಲಿ ಇರುವ ಮಕ್ಕಳು ಅಪ್ಪ ಅಮ್ಮನನ್ನು ಕರೆಸಿಕೊಂಡಾಗ ಅಲ್ಲಿನ ವೈದ್ಯರಿಗೆ ಔಷಧಿಗಳ ವಿವರ ಬರೆದು ಕೊಡುತ್ತಾರೆ. ‘ಅಪ್ಪ ದಿನಾ ಈ ಬಿಪಿ ಮಾತ್ರೆ ತಗೋತಾರೆ’ ಎಂಬುದನ್ನು ‘ಹಿ ಯೂಸ್ಡ್ ಟು ಟೇಕ್ ದಿಸ್ ಟ್ಯಾಬ್ಲೆಟ್ ಡೈಲಿ’ ಎಂದು ಬರೆದರೆ, ಹಿಂದೆ ತಗೊಳ್ಳುತ್ತಿದ್ದರು, ಈಗ ಬಿಟ್ಟಿದ್ದಾರೆ ಎಂದೇ ಓದಿಕೊಳ್ಳುತ್ತಾರೆ. ಅಲ್ಲಿ ‘ಹಿ ಟೇಕ್ಸ್ ದಿಸ್ ಟ್ಯಾಬ್ಲೆಟ್ ಡೈಲಿ’ ಎಂದೇ ಬರೆಯಿರಿ. ಯಾವಾಗಿನಿಂದ ಎಂದು ಸೇರಿಸುವುದಾದರೆ ‘ಹಿ ಹ್ಯಾಸ್ ಬೀನ್ ಟೇಕಿಂಗ್ ದಿಸ್ ಟ್ಯಾಬ್ಲೆಟ್ ಸಿನ್ಸ್ 2019’. ನಿಜವಾಗಿ ಬಿಟ್ಟಿರುವ ಮಾತ್ರೆಗೂ ಬರಿಯ ‘ಯೂಸ್ಡ್ ಟು’ ಹಾಕಿ ಸುಮ್ಮನಾಗಬೇಡಿ, ‘ಹಿ ಸ್ಟಾಪ್ಡ್ ಟೇಕಿಂಗ್ ಇಟ್ ಇನ್ ಮಾರ್ಚ್’ ಎಂದು ಬಿಡಿಸಿ ಬರೆಯಿರಿ. ವೈದ್ಯರಿಗೆ ಬೇಕಾದದ್ದು ಬಿಟ್ಟ ದಿನ.

‘ಯೂಸ್’ ಬರೆಯಬೇಕೋ, ಕೊನೆಗೆ ‘ಡಿ’ ಸೇರಿಸಿ ‘ಯೂಸ್ಡ್’ ಬರೆಯಬೇಕೋ? ಕೇಳುವಾಗ ಎರಡೂ ಒಂದೇ ಥರ ಕೇಳಿಸುತ್ತೆ. ಕಂಪ್ಯೂಟರ್ ಕೂಡ ಕೆಂಪು ಗೆರೆ ಹಾಕಲ್ಲ.
— ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕಲಬುರಗಿ

ಕೇಳಿಸದೇ ಇರುವುದು ನಿಮ್ಮ ಕಿವಿಯ ದೋಷವಲ್ಲ. ಮೊದಲ ಎರಡು ಅಚ್ಚುಗಳಲ್ಲಿ ಇಂಗ್ಲಿಷ್ ಮನೆಮಾತಿನವರ ಉಚ್ಚಾರ ಹೆಚ್ಚುಕಡಿಮೆ ‘ಯೂಸ್ಟು’ ಎಂದಿರುತ್ತದೆ. ‘ಡಿ’ ಗಟ್ಟಿ ‘ಟ್’ ಆಗಿ ಮುಂದಿನ ‘ಟು’ನಲ್ಲಿ ಕರಗಿ ಹೋಗುತ್ತದೆ. ಬಳಕೆಯ ಅರ್ಥದ ಮೂರನೆಯ ಅಚ್ಚಿನಲ್ಲಿ ಮಾತ್ರ ‘ಯೂಜ್ಡ್ ಟು’ ಎಂದು ‘ಜ’ಕಾರದ ಕಡೆಗೆ ವಾಲುತ್ತದೆ. ನಾವು ಮೂರನ್ನೂ ‘ಯೂಜ್ಡ್ ಟು’ ಎಂದೇ ಓದುವುದರಿಂದ ಆ ಭೇದವೂ ನಮಗೆ ಸಿಗುವುದಿಲ್ಲ.

ಕಿವಿ ಬಿಟ್ಟು ನಿಯಮ ಹಿಡಿಯಿರಿ. ವಾಕ್ಯದಲ್ಲಿ ‘ಡಿಡ್’ ಇದ್ದರೆ ‘ಡಿ’ ಬೇಡ, ‘ಡಿಡ್’ ಇಲ್ಲದಿದ್ದರೆ ‘ಡಿ’ ಬೇಕು. ‘ಹಿ ಯೂಸ್ಡ್ ಟು ಸ್ಮೋಕ್.’ ‘ಹಿ ಡಿಡಂಟ್ ಯೂಸ್ ಟು ಸ್ಮೋಕ್.’ ‘ಡಿಡ್ ಹಿ ಯೂಸ್ ಟು ಸ್ಮೋಕ್?’ ಭೂತಕಾಲದ ಗುರುತನ್ನು ‘ಡಿಡ್’ ಎತ್ತಿಕೊಂಡ ಮೇಲೆ ಇನ್ನೊಂದು ಗುರುತು ಹೆಚ್ಚಾಗುತ್ತದೆ. ನಮ್ಮ ಭಾಷೆಯೂ ಹೀಗೇ ಮಾಡುತ್ತದೆ. ‘ಹೋದ’ ಎಂಬಲ್ಲಿ ‘ದ’ ಇದೆ. ಇಲ್ಲ ಎನ್ನುವಾಗ ‘ಹೋಗಲಿಲ್ಲ’ ಆಗುತ್ತದೆ, ‘ದ’ ಮಾಯ. ‘ಹೋದಲಿಲ್ಲ’ ಎಂದು ಯಾರೂ ಅನ್ನುವುದಿಲ್ಲ. ‘ಡಿಡಂಟ್ ಯೂಸ್ಡ್ ಟು’ ಹಾಗೆಯೇ.

ಈ ‘ಡಿಡಂಟ್ ಯೂಸ್ಡ್ ಟು’ ಅಚ್ಚಾದ ಬರಹಗಳಲ್ಲೂ ಆಗಾಗ ಕಣ್ಣಿಗೆ ಬೀಳುತ್ತದೆ. ಪರೀಕ್ಷೆಯಲ್ಲಿ ಅದನ್ನು ಅನುಸರಿಸಬೇಡಿ. ಹಳೆಯ ವ್ಯಾಕರಣ ಪುಸ್ತಕಗಳಲ್ಲಿ ‘ಯೂಸ್ಡ್ ನಾಟ್ ಟು’ ಎಂಬ ರೂಪ ಸಿಗುತ್ತದೆ, ತಪ್ಪಲ್ಲ, ಈಗ ತುಂಬ ಅಪರೂಪ. ಗಂಭೀರವಾದ ಬರವಣಿಗೆಗೆ ನಮ್ಮ ಸಲಹೆ ‘ನೆವರ್ ಯೂಸ್ಡ್ ಟು’: ‘ಹಿ ನೆವರ್ ಯೂಸ್ಡ್ ಟು ಸ್ಮೋಕ್.’ ‘ಡಿಡ್’ ಇಲ್ಲ, ಆದ್ದರಿಂದ ‘ಡಿ’ ಇದ್ದೇ ಇದೆ, ತಕರಾರಿಗೆ ಜಾಗವಿಲ್ಲ.

ಎರಡನೆಯ ಅಚ್ಚಿನಲ್ಲಿ ಈ ‘ಡಿಡ್’ ಲೆಕ್ಕ ನಡೆಯುವುದಿಲ್ಲ. ಅಲ್ಲಿ ‘ಡಿ’ ಯಾವಾಗಲೂ ಇರುತ್ತದೆ: ‘ಐ ಆ್ಯಮ್ ನಾಟ್ ಯೂಸ್ಡ್ ಟು ಇಟ್’, ‘ಐ ಡಿಡಂಟ್ ಗೆಟ್ ಯೂಸ್ಡ್ ಟು ಇಟ್’. ಇಲ್ಲಿ ‘ಡಿಡ್’ನ ಪ್ರಭಾವ ‘ಗಾಟ್’ ಅನ್ನು ‘ಗೆಟ್’ ಮಾಡುವಷ್ಟಕ್ಕೆ ಮುಗಿಯಿತು.

ಕಂಪ್ಯೂಟರ್ ಕೆಂಪು ಗೆರೆ ಹಾಕದಿರುವುದಕ್ಕೆ ಕಾರಣ, ‘ಯೂಸ್’ ಕೂಡ ಸರಿಯಾದ ಪದವೇ. ಬರೆದು ಮುಗಿಸಿದ ಮೇಲೆ ಕಂಟ್ರೋಲ್ ಮತ್ತು ಎಫ್ ಒತ್ತಿ, ‘ಡಿ’ ಇಲ್ಲದ ‘ಯೂಸ್ ಟು’ ಎಂದು ಹುಡುಕಿ. ಸಿಕ್ಕಿದ ಪ್ರತಿಯೊಂದರ ಹಿಂದೆ ‘ಡಿಡ್’ ಇದೆಯೇ ನೋಡಿ. ಇಲ್ಲದಿದ್ದರೆ ಮುಕ್ಕಾಲು ಪಾಲು ತಪ್ಪೇ. ‘ದ ನೈಫ್ ವಿ ಯೂಸ್ ಟು ಕಟ್ ವೆಜಿಟಬಲ್ಸ್’ (ತರಕಾರಿ ಹೆಚ್ಚಲು ನಾವು ಬಳಸುವ ಚಾಕು), ‘ಇಟ್ ಈಸ್ ಆಫ್ ನೋ ಯೂಸ್ ಟು ಮಿ’ (ನನಗೆ ಅದರಿಂದ ಉಪಯೋಗವಿಲ್ಲ) ಎಂಬಂಥವನ್ನು ಮಾತ್ರ ಹಾಗೇ ಬಿಡಿ. ಅವು ಬೇರೆಯೇ ವಾಕ್ಯಗಳು.

ಕೆಲಸದ ಅರ್ಜಿಯ ಜೊತೆಗಿನ ಪತ್ರದಲ್ಲಿ ‘ಐ ಆ್ಯಮ್ ಯೂಸ್ಡ್ ಟು ವರ್ಕ್ ಅಂಡರ್ ಪ್ರೆಶರ್’ ಎಂದು ಬರೆದಿದ್ದೇನೆ. ಸ್ನೇಹಿತ ‘ವರ್ಕಿಂಗ್’ ಆಗಬೇಕು ಅಂತಾನೆ. ‘ಟು’ ಆದ ಮೇಲೆ ‘ಇಂಗ್’ ಬರಲ್ಲ ಅಂತ ಶಾಲೆಯಲ್ಲಿ ಕಲಿತಿದ್ದು ಸುಳ್ಳಾ?
— ಎಂಜಿನಿಯರಿಂಗ್ ಮುಗಿಸಿದವರು, ದಾವಣಗೆರೆ

ಸ್ನೇಹಿತರ ಮಾತು ಸರಿ. ಶಾಲೆಯಲ್ಲಿ ಕಲಿತದ್ದು ಸುಳ್ಳಲ್ಲ, ಅರ್ಧ ಮಾತ್ರ. ಇಂಗ್ಲಿಷಿನಲ್ಲಿ ಎರಡು ‘ಟು’ ಇವೆ. ಒಂದು ‘ಟು ಗೋ, ಟು ಈಟ್’ ಎಂದು ಕ್ರಿಯಾಪದಕ್ಕೆ ಅಂಟಿ ಬರುವುದು. ಇನ್ನೊಂದು ‘ಮೈಸೂರಿಗೆ, ಅವನಿಗೆ’ ಎಂಬಲ್ಲಿನ ನಮ್ಮ ‘ಗೆ, ಕ್ಕೆ’ ಪ್ರತ್ಯಯದಂಥದು. ಒಗ್ಗುವ ಅರ್ಥದ ‘ಯೂಸ್ಡ್ ಟು’ನಲ್ಲಿ ಇರುವುದು ಈ ಎರಡನೆಯ ‘ಟು’.

ಇದು ಕನ್ನಡದವರಿಗೆ ಸುಲಭವಾಗಬೇಕಾದ ಜಾಗ. ‘ಒತ್ತಡದಲ್ಲಿ ಕೆಲಸ ಮಾಡೋದಕ್ಕೆ ಒಗ್ಗಿಕೊಂಡಿದ್ದೇನೆ’ ಎಂದು ಹೇಳಿ ನೋಡಿ. ‘ಮಾಡೋದಕ್ಕೆ’ ಎಂಬುದನ್ನು ಬಿಡಿಸಿದರೆ ‘ಮಾಡೋದು’ ಮತ್ತು ‘ಕ್ಕೆ’. ‘ಮಾಡೋದು’ ಎಂಬುದೇ ‘ವರ್ಕಿಂಗ್’, ‘ಕ್ಕೆ’ ಎಂಬುದೇ ‘ಟು’. ನಾವು ‘ಕ್ಕೆ’ಯನ್ನು ಪದದ ಕೊನೆಗೆ ಅಂಟಿಸುತ್ತೇವೆ, ಅವರು ‘ಟು’ ಅನ್ನು ಪದಕ್ಕಿಂತ ಮೊದಲು ಇಡುತ್ತಾರೆ. ಅಷ್ಟೇ ವ್ಯತ್ಯಾಸ.

ಅನುಮಾನ ಬಂದರೆ ಇನ್ನೊಂದು ಪರೀಕ್ಷೆ: ‘ಟು’ ಆದಮೇಲೆ ಇರುವುದನ್ನೆಲ್ಲ ತೆಗೆದು ‘ಇಟ್’ ಹಾಕಿ. ‘ಐ ಆ್ಯಮ್ ಯೂಸ್ಡ್ ಟು ಇಟ್’ ನಿಲ್ಲುತ್ತದೆ, ಆದ್ದರಿಂದ ‘ಇಂಗ್’ ಬೇಕು. ‘ಐ ಯೂಸ್ಡ್ ಟು ಇಟ್’ ನಿಲ್ಲುವುದಿಲ್ಲ, ಅಲ್ಲಿ ಬರಿಯ ಕ್ರಿಯಾಪದ. ಪತ್ರದ ಕೊನೆಯ ಸಾಲಿನಲ್ಲಿ ‘ಐ ಲುಕ್ ಫಾರ್ವರ್ಡ್ ಟು ಹಿಯರ್ ಫ್ರಮ್ ಯು’ ಎಂದು ಇದ್ದರೆ ಅದನ್ನೂ ಇದೇ ಪರೀಕ್ಷೆಗೆ ಒಡ್ಡಿ. ‘ಲುಕ್ ಫಾರ್ವರ್ಡ್ ಟು ಇಟ್’ ನಿಲ್ಲುತ್ತದಲ್ಲವೇ? ಹಾಗಾದರೆ ‘ಹಿಯರಿಂಗ್’.

ಎರಡನೆಯ ಅಚ್ಚು ಎಲ್ಲ ಕಾಲದಲ್ಲೂ ಓಡುತ್ತದೆ. ‘ಐ ವಾಸ್ ಯೂಸ್ಡ್ ಟು’, ‘ಐ ಹ್ಯಾವ್ ಗಾಟ್ ಯೂಸ್ಡ್ ಟು’, ‘ಯು ವಿಲ್ ಗೆಟ್ ಯೂಸ್ಡ್ ಟು’ ಎಲ್ಲವೂ ಸರಿ. ‘ಬಿ’ (ಅಂದರೆ ‘ಆ್ಯಮ್, ಈಸ್, ವಾಸ್’ ಮುಂತಾದವು) ಬಂದರೆ ಆಗಲೇ ಒಗ್ಗಿದ ಸ್ಥಿತಿ, ‘ಗೆಟ್’ ಬಂದರೆ ಒಗ್ಗುತ್ತಿರುವುದು. ಹೊಸ ಊರಿಗೆ ಹೋದವರು ಮೊದಲ ವಾರ ‘ಐ ಆ್ಯಮ್ ಗೆಟಿಂಗ್ ಯೂಸ್ಡ್ ಟು ದ ಕೋಲ್ಡ್’ ಎಂದು ಬರೆದರೆ, ಚಳಿಗಾಲ ಕಳೆದ ಮೇಲೆ ‘ಐ ಆ್ಯಮ್ ಯೂಸ್ಡ್ ಟು ಇಟ್’ ಎಂದು ಬರೆಯಬಹುದು.

ವಾಕ್ಯ ತಿದ್ದಿದ ಮೇಲೂ ಒಂದು ಮಾತು ಉಳಿಯುತ್ತದೆ. ‘ಐ ಆ್ಯಮ್ ಯೂಸ್ಡ್ ಟು ವರ್ಕಿಂಗ್ ಅಂಡರ್ ಪ್ರೆಶರ್’ ಈಗ ವ್ಯಾಕರಣದಲ್ಲಿ ಶುದ್ಧ, ಅರ್ಜಿಯಲ್ಲಿ ಸಪ್ಪೆ. ಯಾವ ಒತ್ತಡ, ಎಷ್ಟು ಗಡುವು ಎಂದು ಹೇಳಿ: ‘ಐ ಆ್ಯಮ್ ಯೂಸ್ಡ್ ಟು ಹ್ಯಾಂಡಿಂಗ್ ಓವರ್ ಡ್ರಾಯಿಂಗ್ಸ್ ವಿದಿನ್ ಟೂ ಡೇಸ್.’ ಎರಡು ದಿನದಲ್ಲಿ ನಕ್ಷೆ ಸಿದ್ಧಮಾಡಿ ಕೊಡಬಲ್ಲವರು ಎಂದು ಓದಿದವರಿಗೆ ಗೊತ್ತಾಗುತ್ತದೆ.

‘ಐ ಯೂಸ್ಡ್ ಟು ಲಿವ್ ಇನ್ ಧಾರವಾಡ ಫಾರ್ ಫೈವ್ ಇಯರ್ಸ್’ ಎಂಬುದನ್ನು ವಿದ್ಯಾರ್ಥಿಗಳು ಬರೆದಾಗ ತಪ್ಪು ಎಂದು ಅನ್ನಿಸುತ್ತದೆ. ಆದರೆ ಏಕೆ ಎಂದು ವಿವರಿಸಲು ಬರುತ್ತಿಲ್ಲ.
— ಪ್ರೌಢಶಾಲಾ ಶಿಕ್ಷಕರು, ಹಾವೇರಿ

ಮಕ್ಕಳಿಗೆ ಕನ್ನಡದಲ್ಲೇ ಕೇಳಿ ನೋಡಿ: ‘ಧಾರವಾಡದಲ್ಲಿ ಐದು ವರ್ಷ ಇದ್ದೆ’ ಸರಿಯೋ, ‘ಐದು ವರ್ಷ ಇರುತ್ತಿದ್ದೆ’ ಸರಿಯೋ? ಎರಡನೆಯದನ್ನು ಯಾರೂ ಒಪ್ಪುವುದಿಲ್ಲ. ಇಷ್ಟು ವರ್ಷ, ಇಷ್ಟು ಸಲ ಎಂದು ಒಟ್ಟು ಲೆಕ್ಕ ಹೇಳಿದ ಕೂಡಲೇ ಅದು ಮುಗಿದ ಒಂದು ಗಂಟು. ‘ಯೂಸ್ಡ್ ಟು’ ಕಟ್ಟದೆ ಬಿಟ್ಟ ಕಾಲಕ್ಕೆ ಸೇರಿದ್ದು. ಆದ್ದರಿಂದ ‘ಐ ಲಿವ್ಡ್ ಇನ್ ಧಾರವಾಡ ಫಾರ್ ಫೈವ್ ಇಯರ್ಸ್’ ಎನ್ನಬೇಕು, ಇಲ್ಲವೇ ವರ್ಷ ಬಿಟ್ಟು ‘ಐ ಯೂಸ್ಡ್ ಟು ಲಿವ್ ಇನ್ ಧಾರವಾಡ’ ಎನ್ನಬೇಕು. ಸ್ವವಿವರದಲ್ಲಿ ‘ಐ ಯೂಸ್ಡ್ ಟು ವರ್ಕ್ ಆ್ಯಸ್ ಎ ಟ್ರೈನಿ ಫ್ರಮ್ 2018 ಟು 2021’ ಎಂದು ಬರೆಯುವವರಿಗೂ ಇದೇ ಉತ್ತರ: ‘ಐ ವರ್ಕ್ಡ್’.

ಲೆಕ್ಕ ಎಂದರೆ ಎಲ್ಲ ಲೆಕ್ಕವೂ ಅಲ್ಲ. ‘ವಾರಕ್ಕೆ ಮೂರು ಸಲ ಈಜಲು ಹೋಗುತ್ತಿದ್ದೆ’, ‘ಪ್ರತಿ ಬೇಸಿಗೆಯಲ್ಲಿ ಎರಡು ವಾರ ಅಜ್ಜಿ ಮನೆಯಲ್ಲಿ ಇರುತ್ತಿದ್ದೆ’ ಎಂಬಲ್ಲಿ ಆ ಮೂರು, ಎರಡು ಪ್ರತಿ ಆವರ್ತಕ್ಕೆ ಸೇರಿದವು, ಒಟ್ಟು ಮೊತ್ತವಲ್ಲ. ಅಲ್ಲಿ ‘ಯೂಸ್ಡ್ ಟು’ ಸಲ್ಲುತ್ತದೆ. ಇಲ್ಲೂ ಕನ್ನಡದ ‘ಉತ್ತಿದ್ದೆ’ ಸರಿಯಾಗಿ ಕೂರುವುದನ್ನು ಮಕ್ಕಳಿಗೆ ತೋರಿಸಿ.

ಈ ‘ಉತ್ತಿದ್ದೆ’ ಪರೀಕ್ಷೆ ಕೈಕೊಡುವ ಒಂದು ಜಾಗವೂ ಇದೆ, ಹೇಳದೆ ಬಿಟ್ಟರೆ ಮಕ್ಕಳು ಅಲ್ಲಿ ಎಡವುತ್ತಾರೆ. ಸ್ಥಿತಿಯನ್ನು ಹೇಳುವಾಗ ನಾವು ಬರಿಯ ‘ಇದ್ದೆ, ಇತ್ತು’ ಎನ್ನುತ್ತೇವೆ. ‘ಮೊದಲು ಧಾರವಾಡದಲ್ಲಿ ಇದ್ದೆ’, ‘ನನಗೆ ಮೊದಲು ಕಾಫಿ ಇಷ್ಟ ಇತ್ತು’. ಇಂಗ್ಲಿಷಿನಲ್ಲಿ ಇವಕ್ಕೂ ‘ಯೂಸ್ಡ್ ಟು ಲಿವ್’, ‘ಯೂಸ್ಡ್ ಟು ಲೈಕ್’. ಅಲ್ಲಿ ಹಿಡಿಯಬೇಕಾದದ್ದು ‘ಮೊದಲು’ ಎಂಬ ಪದ. ‘ಮೊದಲು ಹಾಗಿತ್ತು, ಈಗ ಇಲ್ಲ’ ಎಂದು ವಾಕ್ಯಕ್ಕೆ ಬಾಲ ಸೇರಿಸಿ ನೋಡಿ. ಸೇರಿದರೆ ‘ಯೂಸ್ಡ್ ಟು’ ಹಾಕಬಹುದು.

ಕನ್ನಡದ ನೆನಪಿನ ಬರಹಗಳನ್ನು ಇಂಗ್ಲಿಷಿಗೆ ತರುತ್ತಿದ್ದೇನೆ. ಪ್ರತಿ ಸಾಲಿನಲ್ಲೂ ‘ಉತ್ತಿದ್ದಳು, ಉತ್ತಿದ್ದರು’ ಬರುತ್ತದೆ. ಎಲ್ಲಕ್ಕೂ ‘ಯೂಸ್ಡ್ ಟು’ ಹಾಕಿದರೆ ಓದಲು ಬೇಸರ. ಕೆಲವು ಕಡೆ ‘ವಾಸ್ ಡೂಯಿಂಗ್’ ಹಾಕಿದರೆ ಏನೋ ತಪ್ಪಿದ ಹಾಗಿದೆ.
— ಹವ್ಯಾಸಿ ಅನುವಾದಕಿ, ಶಿವಮೊಗ್ಗ

ನಿಮಗೆ ತಪ್ಪಿದಂತೆ ಕಂಡದ್ದು ನಿಜವಾಗಿಯೂ ತಪ್ಪಿದೆ. ನಮ್ಮ ‘ಉತ್ತಿದ್ದಳು’ ಎರಡು ಹೊರೆ ಹೊರುತ್ತದೆ. ‘ನಾನು ಹೋದಾಗ ಅವಳು ಅಡುಗೆ ಮಾಡುತ್ತಿದ್ದಳು’ ಎಂದರೆ ಆ ಹೊತ್ತಿಗೆ ನಡೆಯುತ್ತಿದ್ದ ಕೆಲಸ. ‘ಆ ಕಾಲದಲ್ಲಿ ಅವಳು ಸೌದೆ ಒಲೆಯಲ್ಲಿ ಅಡುಗೆ ಮಾಡುತ್ತಿದ್ದಳು’ ಎಂದರೆ ರೂಢಿ. ‘ವಾಸ್ ಕುಕಿಂಗ್’ ಮೊದಲನೆಯದಕ್ಕೆ ಮಾತ್ರ. ರೂಢಿಯನ್ನೆಲ್ಲ ‘ವಾಸ್ ಡೂಯಿಂಗ್’ ಮಾಡಿದರೆ ವರ್ಷಗಟ್ಟಲೆ ನಡೆದ ಬದುಕು ಒಂದೇ ಮಧ್ಯಾಹ್ನದ ಘಟನೆಯಂತೆ ಕಾಣುತ್ತದೆ.

ರೂಢಿಗೆ ನಿಮ್ಮ ಕೈಯಲ್ಲಿ ಮೂರು ರೂಪಗಳಿವೆ: ‘ಯೂಸ್ಡ್ ಟು’, ‘ವುಡ್’, ಮತ್ತು ಸರಳ ಭೂತಕಾಲ. ಒಂದು ಚಿಕ್ಕ ತುಣುಕನ್ನು ಹತ್ತಿರದಿಂದ ನೋಡೋಣ:

‘ಅಜ್ಜಿ ಹಿತ್ತಿಲಲ್ಲಿ ಮಲ್ಲಿಗೆ ಬೆಳೆಯುತ್ತಿದ್ದಳು. ಸಂಜೆ ಹೂ ಬಿಡಿಸಿ ಕಟ್ಟುತ್ತಿದ್ದಳು. ಬಾಳೆನಾರನ್ನು ನೀರಲ್ಲಿ ನೆನೆಸಿಡುತ್ತಿದ್ದಳು. ಅವಳಿಗೆ ಬೇಕಾದಷ್ಟು ಹಾಡು ಬರುತ್ತಿತ್ತು. ಒಂದು ದಿನ ಹೂ ಕಟ್ಟುತ್ತಿದ್ದಾಗ ಮಳೆ ಬಂತು.’

‘ಮೈ ಗ್ರ್ಯಾಂಡ್‌ಮದರ್ ಯೂಸ್ಡ್ ಟು ಗ್ರೋ ಜಾಸ್ಮಿನ್ ಇನ್ ದ ಬ್ಯಾಕ್‌ಯಾರ್ಡ್. ಇನ್ ದ ಈವ್ನಿಂಗ್ಸ್ ಶಿ ವುಡ್ ಪ್ಲಕ್ ದ ಫ್ಲವರ್ಸ್ ಆ್ಯಂಡ್ ಸ್ಟ್ರಿಂಗ್ ದೆಮ್. ಶಿ ಕೆಪ್ಟ್ ದ ಬನಾನಾ ಫೈಬರ್ ಸೋಕಿಂಗ್ ಇನ್ ವಾಟರ್. ಶಿ ನ್ಯೂ ಎನಿ ನಂಬರ್ ಆಫ್ ಸಾಂಗ್ಸ್. ಒನ್ ಡೇ, ವೈಲ್ ಶಿ ವಾಸ್ ಸ್ಟ್ರಿಂಗಿಂಗ್ ದ ಫ್ಲವರ್ಸ್, ಇಟ್ ಬಿಗ್ಯಾನ್ ಟು ರೇನ್.’

ಮೊದಲ ವಾಕ್ಯದ ‘ಯೂಸ್ಡ್ ಟು’ ಬಾಗಿಲು ತೆರೆಯುತ್ತದೆ: ಇದು ಹಿಂದಿನ ರೂಢಿಯ ಕಥೆ ಎಂದು ಓದುವವರಿಗೆ ತಿಳಿಯಿತು. ಎರಡನೆಯದರಲ್ಲಿ ‘ವುಡ್’ ಬಂತು. ಬಾಗಿಲು ತೆರೆದ ಮೇಲೆ ‘ವುಡ್’ ಹಾಯಾಗಿ ನಡೆಯುತ್ತದೆ, ಆದರೆ ಮೊದಲ ವಾಕ್ಯದಲ್ಲೇ ‘ಶಿ ವುಡ್ ಗ್ರೋ ಜಾಸ್ಮಿನ್’ ಎಂದರೆ ‘ಬೆಳೆಯುತ್ತಿದ್ದಳು, ಆದರೆ...’ ಎಂದು ಯಾವುದೋ ಷರತ್ತಿಗೆ ಕಾಯುವಂತಾಗುತ್ತದೆ. ಮೂರನೆಯ ವಾಕ್ಯಕ್ಕೆ ಸರಳ ಭೂತಕಾಲವೇ ಸಾಕಾಯಿತು, ಹಿಂದಿನ ವಾಕ್ಯದ ‘ಈವ್ನಿಂಗ್ಸ್’ ರೂಢಿಯನ್ನು ಹೊತ್ತುಕೊಂಡಿದೆ. ನಾಲ್ಕನೆಯದು ಕೆಲಸವಲ್ಲ, ಸ್ಥಿತಿ. ಹಾಡು ಗೊತ್ತಿರುವುದು, ಒಂದೂರಲ್ಲಿ ವಾಸ ಇರುವುದು, ಎಮ್ಮೆ ಇರುವುದು, ಇಷ್ಟವಿರುವುದು, ಇಂಥವಕ್ಕೆ ‘ವುಡ್’ ಹಾಕಬಾರದು. ‘ಶಿ ವುಡ್ ನೋ ಮೆನಿ ಸಾಂಗ್ಸ್’ ಎಂದರೆ ‘ಅವಳಿಗೆ ಹಾಡು ಗೊತ್ತಿದ್ದೀತು’ ಎಂಬ ಊಹೆ ಆಗಿಬಿಡುತ್ತದೆ. ಸ್ಥಿತಿಗೆ ‘ಯೂಸ್ಡ್ ಟು’ ಅಥವಾ ಸರಳ ಭೂತಕಾಲ, ಇವೆರಡೇ. ಕೊನೆಯ ವಾಕ್ಯದ ‘ಕಟ್ಟುತ್ತಿದ್ದಾಗ’ ಒಂದೇ ದಿನದ್ದು, ಅಲ್ಲಿ ಮಾತ್ರ ‘ವಾಸ್ ಸ್ಟ್ರಿಂಗಿಂಗ್’.

ಒಂದು ಪ್ಯಾರಾದಲ್ಲಿ ‘ಯೂಸ್ಡ್ ಟು’ ಎರಡಕ್ಕಿಂತ ಹೆಚ್ಚು ಸಲ ಬಂದರೆ ಮೂರನೆಯದನ್ನು ತೆಗೆದು ಓದಿ ನೋಡಿ. ಹೆಚ್ಚಿನ ಸಲ ಅದು ಬೇಕಾಗಿಯೇ ಇರುವುದಿಲ್ಲ. ಹೊಸ ಪ್ಯಾರಾ ಶುರುವಾಗಿ ಕಾಲ ಬದಲಾದರೆ ಮತ್ತೆ ಅದರಿಂದಲೇ ಬಾಗಿಲು ತೆರೆಯಿರಿ.

ಲ್ಯಾಬ್ ರೆಕಾರ್ಡ್‌ನಲ್ಲಿ ‘ವರ್ನಿಯರ್ ಕ್ಯಾಲಿಪರ್ ಯೂಸ್ಡ್ ಟು ಮೆಷರ್ ದ ಡಯಾಮೀಟರ್’ ಸರಿಯೇ?
— ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು

ಪೂರ್ಣ ವಾಕ್ಯವಾಗಿ ಬರೆದಿದ್ದರೆ ತಪ್ಪು. ‘ಈಸ್’ ಬಿದ್ದುಹೋದ ಕೂಡಲೇ ಅದು ಮೊದಲ ಅಚ್ಚಾಗಿ, ಆ ಕ್ಯಾಲಿಪರ್ ಹಿಂದೆ ವ್ಯಾಸ ಅಳೆಯುತ್ತಿತ್ತು, ಈಗ ಅಳೆಯುವುದಿಲ್ಲ ಎಂದಾಗುತ್ತದೆ. ‘ಎ ವರ್ನಿಯರ್ ಕ್ಯಾಲಿಪರ್ ಈಸ್ ಯೂಸ್ಡ್ ಟು ಮೆಷರ್ ದ ಡಯಾಮೀಟರ್’ ಎಂದು ಬರೆಯಿರಿ. ನೀವು ಮಾಡಿ ಮುಗಿಸಿದ ಪ್ರಯೋಗದ ವರದಿಯಾದರೆ ‘ವಾಸ್ ಯೂಸ್ಡ್’. ‘ಈಸ್ ಯೂಸ್ಡ್ ಫಾರ್ ಮೆಷರಿಂಗ್’ ಕೂಡ ಸರಿ. ‘ಈಸ್ ಯೂಸ್ಡ್ ಟು ಮೆಷರಿಂಗ್’ ಬರೆಯಬೇಡಿ, ಕ್ಯಾಲಿಪರ್‌ಗೆ ಅಳೆಯುವುದು ಒಗ್ಗಿ ಹೋಗಿದೆ ಎಂದಂತಾಗುತ್ತದೆ. ಚಿತ್ರದ ಕೆಳಗಿನ ಹೆಸರುಪಟ್ಟಿಯಲ್ಲಿ ‘ಟೂಲ್ ಯೂಸ್ಡ್ ಟು ಮೆಷರ್ ಡಯಾಮೀಟರ್’ ಎಂದಿದ್ದರೆ ತೊಂದರೆಯಿಲ್ಲ, ಅದು ವಾಕ್ಯವೇ ಅಲ್ಲ, ವ್ಯಾಸ ಅಳೆಯಲು ಬಳಸುವ ಉಪಕರಣ ಎಂಬ ಹೆಸರು.

ಬೆಂಗಳೂರಿನ ಕೆರೆಗಳ ಬಗ್ಗೆ ನಮ್ಮ ಶಾಲೆಯ ಮಕ್ಕಳು ವಸ್ತುಪ್ರದರ್ಶನಕ್ಕೆ ಇಂಗ್ಲಿಷ್ ಫಲಕ ಬರೆಯುತ್ತಿದ್ದಾರೆ. ‘ಇಲ್ಲಿ ಕೆರೆ ಇತ್ತು’ ಎಂಬುದನ್ನು ಹೇಗೆ ಬರೆಸಲಿ? ಊರಿನ ಹಳೆಯ ಹೆಸರುಗಳನ್ನು?
— ಶಿಕ್ಷಕಿ, ಬೆಂಗಳೂರು

‘ಯೂಸ್ಡ್ ಟು’ಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ‘ದೇರ್ ವಾಸ್ ಎ ಲೇಕ್ ಹಿಯರ್’ ಎಂದರೆ ಇತ್ತು ಎಂದಷ್ಟೇ ತಿಳಿಯುತ್ತದೆ. ‘ದೇರ್ ಯೂಸ್ಡ್ ಟು ಬಿ ಎ ಲೇಕ್ ಹಿಯರ್’ ಎಂದರೆ ಇತ್ತು, ಈಗ ಇಲ್ಲ ಎಂಬ ಎರಡೂ ಬರುತ್ತವೆ. ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ‘ದ ಬಸ್ ಸ್ಟೇಶನ್ ಸ್ಟ್ಯಾಂಡ್ಸ್ ವೇರ್ ಧರ್ಮಾಂಬುಧಿ ಲೇಕ್ ಯೂಸ್ಡ್ ಟು ಬಿ’ ಎಂದು ಬರೆಸಿ. ಕೆರೆಗಳು ಹಲವಾದರೂ ‘ದೇರ್ ಯೂಸ್ಡ್ ಟು ಬಿ ಮೆನಿ ಲೇಕ್ಸ್’, ರೂಪ ಬದಲಾಗುವುದಿಲ್ಲ. ಇಲ್ಲಿ ‘ಬಿ’ ಬಿಟ್ಟುಹೋಗದಂತೆ ಮಾತ್ರ ಕಾಯಿರಿ, ಮಕ್ಕಳು ‘ದೇರ್ ಯೂಸ್ಡ್ ಟು ಎ ಲೇಕ್’ ಎಂದು ಬರೆದುಬಿಡುತ್ತಾರೆ.

ಹೆಸರುಗಳಿಗೆ ‘ಯೂಸ್ಡ್ ಟು ಬಿ ಕಾಲ್ಡ್’: ‘ಕರ್ನಾಟಕ ಯೂಸ್ಡ್ ಟು ಬಿ ಕಾಲ್ಡ್ ಮೈಸೂರ್ ಸ್ಟೇಟ್.’ ಬದಲಾದ ದಿನ ಹಾಕುವುದಾದರೆ ಅದೇ ವಾಕ್ಯಕ್ಕೆ ತುರುಕಬೇಡಿ, ದಿನಾಂಕ ಬಂದಲ್ಲಿ ಸರಳ ಭೂತಕಾಲ: ‘ಇಟ್ ವಾಸ್ ರಿನೇಮ್ಡ್ ಆನ್ 1 ನವೆಂಬರ್ 1973.’

ಫಲಕದ ಮುಂದೆ ನಿಂತವರನ್ನು ಮಾತಿಗೆಳೆಯುವಂಥ ಪ್ರಶ್ನೆ ಬೇಕೆಂದರೆ, ಬಾಲದ ಪ್ರಶ್ನೆಯಲ್ಲಿ ‘ಡಿಡ್’ ಬರುತ್ತದೆ: ‘ದೇರ್ ಯೂಸ್ಡ್ ಟು ಬಿ ಎ ಲೇಕ್ ನಿಯರ್ ಯುವರ್ ಹೌಸ್, ಡಿಡಂಟ್ ದೇರ್?’ ನಿಮ್ಮ ಮನೆ ಹತ್ತಿರವೂ ಒಂದು ಕೆರೆ ಇತ್ತಲ್ಲವೇ?